ಷಡ್ಜಕ್ಕಾಗಿ ಕಾಯುವ ಸಂಗೀತ

ಬೀದರ ನಗರಕ್ಕೆ ಹೊಂದಿಕೊಂಡ ನೌಬಾದದ ನೆಲದಡಿಯಲ್ಲಿ ಒಂದು ಪುರಾತನ ಜಲಮಾರ್ಗವುಂಟು. ಬಹಮನಿ ಅರಸರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಪರ್ಷಿಯದ ಪದ್ಧತಿಯನ್ನನುಸರಿಸಿ ಜಂಬಿಟ್ಟಿಗೆಯ ಕಲ್ಲನ್ನು ಕೊರೆದು ಮಾಡಿದ ಈ ಸುರಂಗ ಕಾಲುವೆಗೆ ಕರೇಜ್ ಎಂದು ಹೆಸರು. ಜನರ ಬಾಯಲ್ಲಿ ಅದು ಸುರಂಗ ಬಾವಿ. ಮೇಲೆ ನಡೆದು ಹೋಗುವವನ ಕಣ್ಣಿಗೆ ಬೀಳುವುದು ಸಾಲಾಗಿ ತೋಡಿದ ಬಾವಿಯಂಥ ಕಂಡಿಗಳು ಮಾತ್ರ. ಅಡಿಯಲ್ಲಿ ಹರಿಯುವ ನೀರು ಅವನಿಗೆ ಕಾಣದು. ಆದರೆ ಆ ಕಂಡಿಗಳಿಗೆಲ್ಲ ಅರ್ಥ ಬಂದಿರುವುದು ಕಾಣದ ಆ ಒಂದು ಧಾರೆಯಿಂದಲೇ.

ಯುರೋಪಿನ ಗೀತನಾಟಕವಾದ ಒಪೆರಾದಲ್ಲಿಯೂ ಇಂತಹುದೇ ಒಂದು ವ್ಯವಸ್ಥೆಯಿದೆ. ರಂಗದ ಮೇಲೆ ಬೆಳಕಿನಲ್ಲಿ ನಿಂತು ಹಾಡುವವರು ಪಾತ್ರಧಾರಿಗಳು. ರಂಗದ ಮುಂದಿನ ತಗ್ಗಿನಲ್ಲಿ, ಅರೆಗತ್ತಲೆಯಲ್ಲಿ, ಕುಳಿತು ನುಡಿಸುವವರು ವಾದ್ಯಮೇಳದವರು. ಪ್ರೇಕ್ಷಕರ ಚಪ್ಪಾಳೆಯ ಬಹುಪಾಲು ಹಾಡುಗಾರರಿಗೆ ಸಲ್ಲುತ್ತದೆ. ಆದರೂ ಕೆಲವು ಒಪೆರಾಗಳಲ್ಲಿ ನಾಟಕದ ಜೀವಜಲವೆಲ್ಲ ಹರಿಯುವುದು ಆ ತಗ್ಗಿನಲ್ಲಿಯೇ. ಮಾತನ್ನೂ ವೇಷವನ್ನೂ ಬಿಟ್ಟು ಆ ವಾದ್ಯಸಂಗೀತವನ್ನಷ್ಟೇ ಮೇಲಕ್ಕೆತ್ತಿ ಸಂಗೀತಸಭೆಯಲ್ಲಿ ನುಡಿಸುವ ರೂಢಿ ಬಹಳ ಹಿಂದಿನಿಂದಲೂ ಬಂದಿದೆ. ಹಾಗೆ ಮೇಲಕ್ಕೆತ್ತಿದ ಕೃತಿಗಳಲ್ಲಿ ಅತ್ಯಂತ ಸುಂದರವಾದವುಗಳ ಸಾಲಿಗೆ ಸೇರತಕ್ಕದ್ದು ಜರ್ಮನಿಯ ರಿಚರ್ಡ್ ವಾಗ್ನರನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ ಎಂಬ ಒಪೆರಾದ ಪೂರ್ವರಂಗ ಮತ್ತು ಅಂತ್ಯಗೀತ. ಎರಡನ್ನೂ ಜೋಡಿಸಿ ಒಂದೇ ಕೃತಿಯಾಗಿ ನುಡಿಸುವುದು ವಾಡಿಕೆ. ಅವಧಿ ಸುಮಾರು ಹದಿನೇಳು, ಹದಿನೆಂಟು ನಿಮಿಷ.

ಹಾಡಿನಿಂದ ಮಾತನ್ನು ಕಳೆದು ಕೇಳುವ ಅಭ್ಯಾಸ ಕನ್ನಡಿಗರಿಗೆ ಹೊಸದಲ್ಲ. ನೌಬಾದದಲ್ಲಾಗಲಿ, ಭಾಲ್ಕಿ ಔರಾದಗಳಲ್ಲಾಗಲಿ, ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಒಂದು ಚಿತ್ರಗೀತೆಯನ್ನು ನುಡಿಸಿದರೆ ಸಾಕು, ಬದಿಯಲ್ಲಿ ನಿಂತ ಮಕ್ಕಳು ಸಹ ಅದರ ಪದಗಳನ್ನು ಗುನುಗುತ್ತಾರೆ. ರಂಗಗೀತೆಗಳ ಕಥೆಯೂ ಅದೇ. ಮಲ್ಲಿಕಾರ್ಜುನ ಮನ್ಸೂರರು ಎಳವೆಯಲ್ಲಿ ನಾಟಕ ಕಂಪನಿಯ ಪಾತ್ರಧಾರಿಯಾಗಿದ್ದವರು. ಕಂಪನಿ ನಾಟಕಗಳ ಪರದೆಗಳು ಹರಿದುಹೋದ ಮೇಲೆಯೂ ಅವುಗಳ ಹಾಡುಗಳು ಬೈಠಕ್ಕುಗಳಲ್ಲಿ ಬಾಳಿ ಬಂದುವು. ಆದರೆ ಇಲ್ಲಿ ಒಂದು ಭೇದವಿದೆ. ಬ್ಯಾಂಡಿನ ಹಾಡು ಕೇಳುಗನಿಗೆ ಮೊದಲೇ ಗೊತ್ತಿರುವ ಮಾತನ್ನು ನೆನಪಿಗೆ ತರುತ್ತದೆ. ವಾಗ್ನರನ ಕೃತಿಯನ್ನು ಕೇಳುವ ಕನ್ನಡಿಗನಿಗೆ ನೆನಪಿಸಿಕೊಳ್ಳಲು ಮಾತೇ ಇಲ್ಲ; ಜರ್ಮನ್ ಭಾಷೆಯೂ ಇಲ್ಲ, ರಂಗವೂ ಇಲ್ಲ. ಹಾಗಿದ್ದೂ ಆ ಸಂಗೀತ ಅವನನ್ನು ಕಲಕಬಲ್ಲುದೆ? ಕಲಕಬಲ್ಲುದಾದರೆ ಅದು ಯಾವುದರ ಬಲದಿಂದ?

ಕಥೆ ಸಂಕ್ಷೇಪವಾಗಿ ಇಷ್ಟು. ಇಸೋಲ್ಡೆ ಐರ್ಲೆಂಡಿನ ರಾಜಕುಮಾರಿ. ಅವಳನ್ನು ಕಾರ್ನ್‌ವಾಲಿನ ರಾಜ ಮಾರ್ಕೆಗೆ ಮದುವೆ ಮಾಡಿಕೊಡಲು ಹಡಗಿನಲ್ಲಿ ಕರೆತರುವವನು ರಾಜನ ಸೋದರಳಿಯ ಟ್ರಿಸ್ಟಾನ್. ಅವಳ ಭಾವೀ ವರನನ್ನು ಯುದ್ಧದಲ್ಲಿ ಕೊಂದವನು ಇವನೇ. ಗಾಯಗೊಂಡು ಬಂದ ಇವನನ್ನು ಗುರುತಿಸಿಯೂ ಕೊಲ್ಲಲಾರದೆ ಉಪಚರಿಸಿ ಬದುಕಿಸಿದವಳು ಅವಳೇ. ಹಡಗಿನಲ್ಲಿ ಇಬ್ಬರೂ ವಿಷ ಕುಡಿದು ಸಾಯಲು ನಿಶ್ಚಯಿಸುತ್ತಾರೆ. ದಾಸಿ ಬ್ರಾಂಗೇನೆ ವಿಷದ ಬದಲು ಪ್ರೇಮದ ಮದ್ದನ್ನು ಬೆರೆಸಿ ಕೊಡುತ್ತಾಳೆ. ಎರಡನೆಯ ಅಂಕದಲ್ಲಿ ರಾತ್ರಿಯ ಉದ್ಯಾನದಲ್ಲಿ ಅವರು ಸಂಧಿಸುತ್ತಾರೆ. ಬೇಟೆಯಿಂದ ಹಿಂದಿರುಗಿದ ರಾಜನ ಕಣ್ಣಿಗೆ ಬೀಳುತ್ತಾರೆ. ಟ್ರಿಸ್ಟಾನನಿಗೆ ಕತ್ತಿಯ ಗಾಯವಾಗುತ್ತದೆ. ಮೂರನೆಯ ಅಂಕದಲ್ಲಿ ಅವನು ತನ್ನ ಹಳೆಯ ಕೋಟೆಯಲ್ಲಿ ಮರಣಶಯ್ಯೆಯಲ್ಲಿ ಮಲಗಿ ಅವಳ ಹಡಗಿನ ದಾರಿ ಕಾಯುತ್ತಾನೆ. ಅವಳು ಬಂದ ಗಳಿಗೆಯಲ್ಲಿಯೇ ಪ್ರಾಣ ಬಿಡುತ್ತಾನೆ. ಮದ್ದಿನ ಗುಟ್ಟನ್ನು ತಿಳಿದ ರಾಜನು ಇಬ್ಬರನ್ನೂ ಒಂದುಗೂಡಿಸಬೇಕೆಂದು ಓಡಿ ಬರುತ್ತಾನೆ, ಕಾಲ ಮಿಂಚಿರುತ್ತದೆ. ಇಸೋಲ್ಡೆ ತನ್ನ ಅಂತಿಮ ಗೀತವನ್ನು ಹಾಡಿ ಪ್ರಿಯನ ದೇಹದ ಮೇಲೆ ಒರಗುತ್ತಾಳೆ.

ಕೈಗೆ ಎಟುಕುವಷ್ಟು ಹತ್ತಿರ ಬಂದು ಎಟುಕದೆ ಹೋಗುವುದು, ಇದೇ ಈ ಕಥೆಯ ತಿರುಳು. ಕೃತಿಯ ಜನ್ಮವೃತ್ತಾಂತವೂ ಅದಕ್ಕೆ ತಕ್ಕಂತೆಯೇ ಇದೆ. 1857ರಲ್ಲಿ ವಾಗ್ನರ್ ಜ್ಯೂರಿಕ್ ನಗರದಲ್ಲಿ ಆಟೋ ವೆಸೆಂಡಾಂಕ್ ಎಂಬ ರೇಷ್ಮೆ ವ್ಯಾಪಾರಿಯ ಆಶ್ರಯದಲ್ಲಿದ್ದನು. ವ್ಯಾಪಾರಿಯ ಪತ್ನಿ ಮಟಿಲ್ಡೆ ಕವಯಿತ್ರಿ. ಅವಳ ಮೇಲೆ ಅವನಿಗೆ ಹುಟ್ಟಿದ, ಫಲಿಸಲಾರದ ಅನುರಾಗದ ನಡುವೆ ಈ ಒಪೆರಾ ಮೊಳೆಯಿತು. 1859ರ ಆಗಸ್ಟಿನಲ್ಲಿ ಬರವಣಿಗೆ ಮುಗಿಯಿತು. ಮುಂದೆ ಅದನ್ನು ಆಡುವವರಿಲ್ಲ. ವಿಯೆನ್ನಾದ ಆಸ್ಥಾನ ಒಪೆರಾದಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಲ ಅಭ್ಯಾಸ ನಡೆದ ಬಳಿಕ, ಇದು ಆಡಲಾಗದ ಕೃತಿ ಎಂದು ಕೈಬಿಟ್ಟರು.

ಒಪೆರಾ ರಂಗವೇರದಿದ್ದರೂ ಅದರ ವಾದ್ಯಭಾಗ ಜನರ ಕಿವಿಯನ್ನು ತಲುಪಿತು. 1859ರ ಮಾರ್ಚಿನಲ್ಲಿ ಪ್ರಾಗ್ ನಗರದಲ್ಲಿ ಪೂರ್ವರಂಗವನ್ನಷ್ಟೇ ನುಡಿಸಲಾಯಿತು. 1860ರಲ್ಲಿ ವಾಗ್ನರ್ ತಾನೇ ಪ್ಯಾರಿಸ್ಸಿನಲ್ಲಿ ಅದನ್ನು ನಿರ್ದೇಶಿಸಿದನು. 1863ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪೂರ್ವರಂಗಕ್ಕೆ ಒಪೆರಾದ ಕೊನೆಯ ಭಾಗವನ್ನು ಹಾಡಿಲ್ಲದೆ ಜೋಡಿಸಿ ನುಡಿಸಿದನು. ಇಂದಿಗೂ ಸಭೆಗಳಲ್ಲಿ ಕೇಳಿಬರುವ ರೂಪವಿದೇ. ಹೀಗೆ, ಮರ ಬೆಳೆದು ಹಣ್ಣು ಉದುರಿತು ಎಂಬುದಕ್ಕೆ ವಿರುದ್ಧವಾಗಿ, ಇಲ್ಲಿ ಹಣ್ಣಿನ ಸವಿ ಮೊದಲು ಲೋಕಕ್ಕೆ ತಿಳಿಯಿತು; ಮರ ಆಮೇಲೆ ಕಂಡಿತು.

ಒಪೆರಾಕ್ಕೆ ರಂಗವನ್ನು ಒದಗಿಸಿದವನು ಒಬ್ಬ ಎಳೆಯ ಅರಸು. ಬವೇರಿಯದ ಎರಡನೆಯ ಲುಡ್ವಿಗ್ 1864ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದನು. ಸಾಲಗಾರರಿಗೆ ಹೆದರಿ ತಲೆತಪ್ಪಿಸಿಕೊಂಡು ತಿರುಗುತ್ತಿದ್ದ ವಾಗ್ನರನನ್ನು ಕರೆಸಿಕೊಂಡು ಅವನ ಭಾರವನ್ನು ಹೊತ್ತನು. 1865ರ ಜೂನ್ 10ರಂದು ಮ್ಯೂನಿಕ್ಕಿನಲ್ಲಿ ‘ಟ್ರಿಸ್ಟಾನ್’ ಮೊದಲ ಸಲ ರಂಗವೇರಿತು. ನಾಯಕನ ಪಾತ್ರವನ್ನು ಹಾಡಿದ ಲುಡ್ವಿಗ್ ಷ್ನಾರ್ ಎಂಬ ಗಾಯಕ ಆರು ವಾರಗಳೊಳಗೆ, ಇನ್ನೂ ಇಪ್ಪತ್ತೊಂಬತ್ತರ ಪ್ರಾಯದಲ್ಲಿ, ತೀರಿಕೊಂಡನು. ಅವನೆದುರು ಇಸೋಲ್ಡೆಯಾಗಿ ಹಾಡಿದವಳು ಅವನ ಸ್ವಂತ ಮಡದಿಯೇ. ವಾಗ್ನರ್ ಮನುಷ್ಯನಾಗಿ ಆದರ್ಶಪುರುಷನಲ್ಲ. ಆಶ್ರಯ ಕೊಟ್ಟವರಿಗೆ ಕೃತಘ್ನನಾದದ್ದುಂಟು. ಯಹೂದಿಗಳನ್ನು ದ್ವೇಷಿಸಿ ಬರೆದ ಕಳಂಕವೂ ಅವನ ಹೆಸರಿಗಿದೆ. ಅದನ್ನು ಮರೆಮಾಚಬೇಕಾಗಿಲ್ಲ. ಆ ಕೈಯಿಂದಲೇ ಈ ಸಂಗೀತವೂ ಬಂದಿತೆಂಬುದು ಮನುಷ್ಯಸ್ವಭಾವದ ಒಗಟುಗಳಲ್ಲಿ ಒಂದು.

ಇನ್ನು ಕೃತಿಯನ್ನು ಕೇಳುವ ಬಗೆ. ಕರ್ನಾಟಕ ಸಂಗೀತವಾಗಲಿ ಹಿಂದುಸ್ತಾನಿಯಾಗಲಿ, ತಂಬೂರಿಯ ಶ್ರುತಿಯಿಲ್ಲದೆ ಆರಂಭವಾಗುವುದಿಲ್ಲ. ಗಾಯಕನು ಎಷ್ಟೇ ದೂರ ಅಲೆದರೂ ಹಿಂದುಗಡೆ ಷಡ್ಜವು ಮನೆಯ ದೀಪದಂತೆ ಉರಿಯುತ್ತಲೇ ಇರುತ್ತದೆ. ಅವನು ನಿಷಾದದಲ್ಲಿ ನಿಂತು ಕಾಡಿಸಿದಾಗ ಕೇಳುಗನಿಗೆ ಆಗುವ ಸವಿಯಾದ ತಳಮಳ, ಮೇಲಿನ ಷಡ್ಜವನ್ನು ಮುಟ್ಟಿದಾಗ ಆಗುವ ತೃಪ್ತಿ, ಇವೆರಡೂ ಆ ದೀಪವಿರುವುದರಿಂದಲೇ ಸಾಧ್ಯ. ವಾಗ್ನರ್ ಮಾಡಿದ ಸಾಹಸವನ್ನು ಕನ್ನಡ ಕಿವಿಗೆ ತಿಳಿಯುವಂತೆ ಹೇಳಬೇಕಾದರೆ ಹೀಗೆನ್ನಬಹುದು: ಅವನು ದೀಪವನ್ನು ಆರಿಸಿ, ಮನೆಯನ್ನು ಹುಡುಕಲು ಹೇಳಿದನು.

ಪೂರ್ವರಂಗ ಹೊರಡುವುದು ಚೆಲ್ಲೋಗಳ ಮಂದ್ರ ದನಿಯಲ್ಲಿ. ಚೆಲ್ಲೋ ಎಂದರೆ ಪಿಟೀಲಿನ ದೊಡ್ಡಣ್ಣ. ಕಾಲುಗಳ ನಡುವೆ ನಿಲ್ಲಿಸಿಕೊಂಡು ಬಾರಿಸುವ ವಾದ್ಯ. ಮೊದಲ ಸ್ವರವನ್ನು ಷಡ್ಜವೆಂದು ಭಾವಿಸಿದರೆ, ಅದು ಅಲ್ಲಿಂದ ಮೇಲಿನ ಶುದ್ಧ ಧೈವತಕ್ಕೆ ನಿಟ್ಟುಸಿರಿನಂತೆ ಚಿಮ್ಮಿ, ಪಂಚಮಕ್ಕೆ ಇಳಿದು, ಪ್ರತಿಮಧ್ಯಮಕ್ಕೆ ಜಾರುತ್ತದೆ. ಅದು ಜಾರಿ ನಿಂತ ಕ್ಷಣದಲ್ಲಿಯೇ ಊದುವ ವಾದ್ಯಗಳು ಸೇರಿಕೊಂಡು ನಾಲ್ಕು ಸ್ವರಗಳನ್ನು ಏಕಕಾಲದಲ್ಲಿ ನುಡಿಯುತ್ತವೆ. ಈ ಸ್ವರಗುಚ್ಛ ‘ಟ್ರಿಸ್ಟಾನ್ ಸ್ವರಮೇಳ’ ಎಂದೇ ಪ್ರಸಿದ್ಧವಾಗಿದೆ. ಅದರ ಮೇಲೆ ಪಂಡಿತರು ನೂರೈವತ್ತು ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಅದರೊಳಗಿಂದ ಓಬೋ, ಬೀದರದ ಸೀಮೆಯ ಸನಾದಿಯ ದೂರದ ಬಂಧುವಾದ ವಾದ್ಯ, ಕಾಕಲಿ ನಿಷಾದ, ಷಡ್ಜ, ಶುದ್ಧ ರಿಷಭ, ಚತುಶ್ರುತಿ ರಿಷಭಗಳನ್ನು ಒಂದೊಂದೇ ಮೆಟ್ಟಿಲಾಗಿ ಹತ್ತುತ್ತದೆ. ಅಡಿಯಲ್ಲಿ ಸ್ವರಮೇಳವು ಪಂಚಮದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಇನ್ನೊಂದೇ ಹೆಜ್ಜೆ, ಮನೆ ಸಿಕ್ಕಿತು. ಆದರೆ ಹೆಜ್ಜೆ ಮುಂದಿಡುವುದಿಲ್ಲ. ಮೌನ.

ಆ ಮೌನವನ್ನು ಗಮನಿಸಬೇಕು. ಕೃತಿಯ ಬೀಜವಿರುವುದು ಅಲ್ಲಿ. ಅದೇ ಪ್ರಶ್ನೆ ಇನ್ನೂ ಮೇಲಿನಿಂದ ಮತ್ತೊಮ್ಮೆ ಕೇಳಿಬರುತ್ತದೆ, ಮತ್ತೆ ಮೌನ. ಮೂರನೆಯ ಸಲ ಇನ್ನೂ ಮೇಲಿನಿಂದ, ಮತ್ತೆ ಮೌನ. ಆಮೇಲೆ ವಾದ್ಯಮೇಳವೆಲ್ಲ ಎಚ್ಚೆತ್ತು, ಅಲೆಯ ಮೇಲೆ ಅಲೆಯಾಗಿ ಏರತೊಡಗುತ್ತದೆ. ಪ್ರತಿಯೊಂದು ಅಲೆಯೂ ದಡವನ್ನು ಮುಟ್ಟಿತೆನ್ನುವಷ್ಟರಲ್ಲಿ ಬೇರೊಂದು ದಿಕ್ಕಿಗೆ ಹೊರಳುತ್ತದೆ. ಕೊನೆಗೆ ಅತ್ಯುಚ್ಚ ಶಿಖರದಲ್ಲಿ, ಎಲ್ಲ ವಾದ್ಯಗಳೂ ಮೊರೆಯುತ್ತಿರುವಾಗ, ಕೇಳುಗನು ಉತ್ತರ ದೊರೆತೀತೆಂದು ಉಸಿರು ಬಿಗಿಹಿಡಿದಾಗ, ಬರುವುದು ಉತ್ತರವಲ್ಲ. ಮೊದಲ ಪ್ರಶ್ನೆಯೇ, ಅದೇ ಸ್ವರಗುಚ್ಛವೇ. ಅಲ್ಲಿಂದ ಎಲ್ಲವೂ ಕುಸಿದು, ತಗ್ಗಿನ ತಂತಿಗಳಷ್ಟೇ ಕತ್ತಲೆಯಲ್ಲಿ ಉಳಿಯುತ್ತವೆ. ಹತ್ತು ನಿಮಿಷಗಳ ಪೂರ್ವರಂಗದಲ್ಲಿ ಮನೆಯ ಬಾಗಿಲು ಒಮ್ಮೆಯೂ ತೆರೆಯಲಿಲ್ಲ.

ಒಪೆರಾವನ್ನು ಪೂರ್ತಿಯಾಗಿ ನೋಡುವವನು ಈ ಬಾಗಿಲು ತೆರೆಯಲು ಸುಮಾರು ನಾಲ್ಕು ಗಂಟೆ ಕಾಯಬೇಕು. ಎರಡನೆಯ ಅಂಕದಲ್ಲಿ ಪ್ರಿಯರಿಬ್ಬರ ಯುಗಳಗೀತ ಏರುತ್ತ ಏರುತ್ತ ಇನ್ನೇನು ತಲುಪಬೇಕು, ಆಗ ದಾಸಿಯ ಚೀತ್ಕಾರ, ರಾಜನ ಪ್ರವೇಶ, ಸಂಗೀತ ಮುರಿದುಬೀಳುತ್ತದೆ. ಮುರಿದ ಆ ಮಾತನ್ನೇ ಇಸೋಲ್ಡೆಯ ಅಂತ್ಯಗೀತ ಎತ್ತಿಕೊಂಡು ಪೂರ್ಣಗೊಳಿಸುತ್ತದೆ. ಸಭೆಯಲ್ಲಿ ಕೇಳುವವನಿಗೆ ವಾಗ್ನರ್ ನಡುವಿನ ದಾರಿಯನ್ನು ಬಿಟ್ಟು ಪ್ರಶ್ನೆಯ ಪಕ್ಕದಲ್ಲಿಯೇ ಉತ್ತರವನ್ನು ಇರಿಸಿದ್ದಾನೆ.

ಈ ಅಂತ್ಯಗೀತ ಹಾಡುಗಾರ್ತಿಯಿಲ್ಲದೆಯೂ ನಿಲ್ಲಬಲ್ಲುದೇಕೆ ಎಂಬುದನ್ನು ತಿಳಿಯಲು ನೌಬಾದದ ಸುರಂಗ ಬಾವಿ ಉಪಮಾನವಾದೀತು. ಇಲ್ಲಿ ಮುಖ್ಯ ಧಾಟಿ ಹರಿಯುವುದು ವಾದ್ಯಮೇಳದಲ್ಲಿ. ಇಸೋಲ್ಡೆಯ ಕಂಠ ಒಮ್ಮೆ ಅದರೊಡನೆ ಕೂಡಿ, ಒಮ್ಮೆ ಅದರಿಂದ ಸರಿದು, ಅಲ್ಲಲ್ಲಿ ಕಂಡಿಯಂತೆ ತೆರೆದು ಬೆಳಕನ್ನು ಒಳಗೆ ಬಿಡುತ್ತದೆ. ಕಂಡಿಗಳನ್ನು ಮುಚ್ಚಿದರೂ ಧಾರೆ ನಿಲ್ಲುವುದಿಲ್ಲ. ವಾಗ್ನರ್ ಮುಂದೆ 1876ರಲ್ಲಿ ಬೈರಾಯ್ಟ್ ಎಂಬ ಊರಿನಲ್ಲಿ ತನ್ನದೇ ರಂಗಮಂದಿರವನ್ನು ತೆರೆದಾಗ ವಾದ್ಯಮೇಳವನ್ನು ರಂಗದಡಿಯ ಕುಳಿಯಲ್ಲಿ ಪ್ರೇಕ್ಷಕರಿಗೆ ಕಾಣದಂತೆ ಮುಚ್ಚಿಬಿಟ್ಟನು. ನಾದವು ನೆಲದಿಂದಲೇ ಉಕ್ಕಿ ಬಂದಂತೆ ಕೇಳಬೇಕೆಂಬುದು ಅವನ ಹಂಬಲವಾಗಿತ್ತು.

ಅಂತ್ಯಗೀತ ಮೆಲ್ಲನೆ, ತಗ್ಗು ದನಿಯ ಕ್ಲಾರಿನೆಟ್ಟಿನಲ್ಲಿ, ಜೋಗುಳದಂತೆ ಹುಟ್ಟುತ್ತದೆ. ಒಂದೇ ಚಿಕ್ಕ ಪಲುಕು ಮತ್ತೆ ಮತ್ತೆ ಬರುತ್ತ, ಪ್ರತಿ ಸಲವೂ ಒಂದು ಮೆಟ್ಟಿಲು ಮೇಲೇರುತ್ತದೆ. ಪಿಟೀಲುಗಳು, ಹಾರ್ಪು, ಕಹಳೆಗಳು ಒಂದಾದ ಮೇಲೊಂದು ಕೂಡಿಕೊಳ್ಳುತ್ತವೆ. ಶಿಖರ ಬರುತ್ತದೆ, ಈ ಸಲ ಅದು ಕುಸಿಯದೆ, ಮಳೆ ನಿಂತ ಮೇಲಿನ ಕೆರೆಯಂತೆ, ಹರಡಿಕೊಂಡು ಶಾಂತವಾಗುತ್ತದೆ. ಕಟ್ಟಕಡೆಗೆ ಓಬೋಗಳಲ್ಲಿ ಮೊದಲು ಕೇಳಿದ್ದ ಆ ನಾಲ್ಕು ಮೆಟ್ಟಿಲುಗಳು ಮತ್ತೊಮ್ಮೆ. ಯಾವ ಸ್ವರದಲ್ಲಿ ಆಗ ಪ್ರಶ್ನೆಯು ನಿಂತುಹೋಗಿತ್ತೋ ಅದೇ ಸ್ವರವು ಈಗ ಷಡ್ಜವಾಗಿ, ಅದರ ಮೇಲೆ ಇಡೀ ವಾದ್ಯಮೇಳ ವಿಶ್ರಮಿಸುತ್ತದೆ. ಹುಡುಕಿದ ಮನೆ ಬೇರೆಲ್ಲಿಯೋ ಇರಲಿಲ್ಲ. ನಿಂತ ಜಾಗವೇ ಮನೆಯಾಯಿತು. ಪಟದೀಪದಲ್ಲೋ ಮಾರವಾದಲ್ಲೋ ಷಡ್ಜಕ್ಕಾಗಿ ಹಂಬಲಿಸಿದ ಕೇಳುಗನಿಗೆ ಇದನ್ನು ಅನುವಾದಿಸಿ ಹೇಳಬೇಕಾಗಿಲ್ಲ. ಮಾತಿಲ್ಲದೆಯೂ ಈ ಸಂಗೀತ ಪರದೇಶದ ಹೃದಯವನ್ನು ತಟ್ಟುವುದು ಈ ಕಾಯುವಿಕೆಯ ಬಲದಿಂದ; ಕಾಯುವುದಕ್ಕೆ ಭಾಷೆ ಬೇಡ.

ಈ ಕೃತಿಗೂ ಕನ್ನಡ ನಾಡಿಗೂ ನೇರವಾದ ಒಂದು ನಂಟುಂಟೆಂದರೆ ಹಲವರಿಗೆ ಅಚ್ಚರಿಯಾದೀತು. 1919ರಲ್ಲಿ ಹುಟ್ಟಿ 1940ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಜಯಚಾಮರಾಜೇಂದ್ರ ಒಡೆಯರು ಪಿಯಾನೋ ಬಲ್ಲವರು. ಲಂಡನ್ನಿನ ಸಂಗೀತ ವಿದ್ಯಾಲಯಗಳ ಪದವಿ ಗೌರವಗಳನ್ನು ಪಡೆದವರು. ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದ, ಪಾಶ್ಚಾತ್ಯ ವಾದ್ಯವೃಂದ ಎರಡೂ ಇದ್ದುವು. ಅವರ ಗ್ರಾಮಫೋನ್ ತಟ್ಟೆಗಳ ಭಂಡಾರವನ್ನು ಕಂಡು ಲಂಡನ್ನಿನ ಪ್ರಸಿದ್ಧ ಧ್ವನಿಮುದ್ರಣ ನಿರ್ದೇಶಕ ವಾಲ್ಟರ್ ಲೆಗ್ ಬೆರಗಾದರು. ಯುದ್ಧಾನಂತರದ ಆ ಕಷ್ಟಕಾಲದಲ್ಲಿ ಲೆಗ್ 1945ರಲ್ಲಿ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯಮೇಳಕ್ಕೆ ಮಹಾರಾಜರು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವನ್ನು ಕೊಡಲು ಒಪ್ಪಿದರು. 1948ರಲ್ಲಿ ಫಿಲ್ಹಾರ್ಮೋನಿಯಾ ಸಂಗೀತ ಸಂಘದ ಮೊದಲ ಅಧ್ಯಕ್ಷರಾದರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ರಷ್ಯನ್ ಸಂಗೀತಕಾರನ ಕೃತಿಗಳು ತಟ್ಟೆಗಳಲ್ಲಿ ಉಳಿದದ್ದೂ ಅವರ ಔದಾರ್ಯದಿಂದಲೇ. ಆತನು ತನ್ನ ಮೂರನೆಯ ಪಿಯಾನೋ ಕಾನ್‌ಚೆರ್ಟೋವನ್ನು ಅವರಿಗೆ ಅರ್ಪಿಸಿದನು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ, ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತಗಳ ಪ್ರಥಮ ಪ್ರಯೋಗ ನಡೆಯಿತು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ. ಖರ್ಚಿಗೆ ಹೊಣೆಯಾಗಿ ನಿಂತವರು ಮೈಸೂರಿನ ಒಡೆಯರು. ಅದೇ ಇರುಳು ಅದೇ ಕಲಾವಿದರಿಂದ ‘ಟ್ರಿಸ್ಟಾನ್’ ಒಪೆರಾದ ಪೂರ್ವರಂಗವೂ ಅಂತ್ಯಗೀತವೂ ಮೂಡಿಬಂದುವು. ಒಡೆಯರು ಸಭೆಯಲ್ಲಿರಲಿಲ್ಲ, ಸಂಗೀತವನ್ನು ತಟ್ಟೆಗಳಲ್ಲಿ ಮುದ್ರಿಸಿ ಮೈಸೂರಿಗೆ ಕಳುಹಿಸುವ ಏರ್ಪಾಡಾಗಿತ್ತು. ಎರಡು ವರ್ಷಗಳ ತರುವಾಯ, 1952ರಲ್ಲಿ, ಇದೇ ಮೂವರು, ಅಂದರೆ ಫುರ್ಟ್‌ವೆಂಗ್ಲರ್, ಫ್ಲಾಗ್‌ಸ್ಟಾಡ್, ಫಿಲ್ಹಾರ್ಮೋನಿಯಾ, ಲೆಗ್ ಅವರ ಉಸ್ತುವಾರಿಯಲ್ಲಿ ಇಡೀ ಒಪೆರಾವನ್ನು ಮುದ್ರಿಸಿದರು. ಅದನ್ನು ಇಂದಿಗೂ ರಸಿಕರು ಕೈಮುಗಿದು ಕೇಳುತ್ತಾರೆ.

ಬವೇರಿಯದ ಅರಸು ಒಪೆರಾಕ್ಕೆ ಜನ್ಮ ಕೊಡಿಸಿದನು. ಮೈಸೂರಿನ ಅರಸು ಅದನ್ನು ನುಡಿಸುವ ವಾದ್ಯಮೇಳ ಕಾಲೂರಿ ನಿಲ್ಲಲು ಆಸರೆಯಾದರು. ಇಬ್ಬರ ಅಧಿಕಾರವೂ ಇಂದು ಚರಿತ್ರೆಯ ಪುಟ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಬೀದರ, ಭಾಲ್ಕಿ, ಔರಾದಗಳು ಹೈದರಾಬಾದು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದುವು. ಆ ವಿಶಾಲ ರಾಜ್ಯಕ್ಕೆ ಮೊದಲ ರಾಜ್ಯಪಾಲರಾದವರೂ ಜಯಚಾಮರಾಜೇಂದ್ರ ಒಡೆಯರೇ. ಆ ಹೊತ್ತಿಗೆ ಅವರು ಅರಸರಲ್ಲ. ಸಂಗೀತ ಮಾತ್ರ ಯಾವ ಪದವಿಯ ಹಂಗೂ ಇಲ್ಲದೆ ಅವರೊಡನೆ ಉಳಿಯಿತು. 1974ರಲ್ಲಿ ಅವರು ತೀರಿಕೊಂಡರು.

ಒಂದು ಕಾಲದಲ್ಲಿ ಅರಮನೆಯ ಭಂಡಾರದಲ್ಲಿ ಮಾತ್ರ ದೊರೆಯುತ್ತಿದ್ದ ನಾದ ಇಂದು ನೌಬಾದದ ಒಂದು ಮನೆಯಲ್ಲಿಯೂ ಅಂಗೈಯ ಫೋನಿನಿಂದ ಹೊಮ್ಮಬಲ್ಲುದು. 1950ರ ಆ ಇರುಳಿನ ಮುದ್ರಣವೂ, ಹಳೆಯ ತಟ್ಟೆಯ ಕರಕರ ಸದ್ದಿನ ನಡುವೆ, ಕೇಳಸಿಗುತ್ತದೆ. ಸಿಗುವುದು ಸುಲಭವಾಯಿತು, ಕೇಳುವುದು ಸುಲಭವಾಗಿಲ್ಲ. ಈ ಕೃತಿಯನ್ನು ಅಡುಗೆಮನೆಯ ಸದ್ದು, ಓದುವ ಮಕ್ಕಳ ಗಲಾಟೆಗಳ ನಡುವೆ ಹಿನ್ನೆಲೆಯಾಗಿ ಹಾಕಿಕೊಂಡರೆ ಏನೂ ದಕ್ಕುವುದಿಲ್ಲ. ಆರಂಭದ ಮೌನಗಳೇ ಕಳೆದುಹೋಗುತ್ತವೆ. ರಾತ್ರಿ ಊಟವಾಗಿ ಮನೆ ತಣ್ಣಗಾದ ಮೇಲೆ, ದೀಪ ತಗ್ಗಿಸಿ, ಹದಿನೆಂಟು ನಿಮಿಷ ಕುಳಿತುಕೊಳ್ಳಬೇಕು. ಮೊದಲ ಸಲ ಓಬೋದ ನಾಲ್ಕು ಮೆಟ್ಟಿಲುಗಳನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡರೆ ಸಾಕು. ಕೊನೆಯಲ್ಲಿ ಅವು ಮರಳಿ ಬಂದಾಗ ತಾವಾಗಿಯೇ ಪರಿಚಯ ಹೇಳಿಕೊಳ್ಳುತ್ತವೆ. ಎರಡನೆಯ ಸಲ ಹಾಡುಗಾರ್ತಿಯಿರುವ ಮುದ್ರಣವನ್ನು ಕೇಳಿ, ಕಂಠವೂ ವಾದ್ಯಮೇಳವೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ನೋಡಬೇಕು. ಮೂರನೆಯ ಸಲಕ್ಕೆ ಯಾರ ಸಲಹೆಯೂ ಬೇಕಾಗದು.

ಬೇಕೆಂದದ್ದು ಬೇಕೆಂದ ಕ್ಷಣದಲ್ಲಿಯೇ ಕೈಸೇರುವ ಈ ದಿನಗಳಲ್ಲಿ, ಉತ್ತರವನ್ನು ತಡೆಹಿಡಿದು ಕಾಯಿಸುವ ಸಂಗೀತ ಒಂದು ಬಗೆಯ ಶಿಕ್ಷಣವೇ ಸರಿ. ಕಾದವನಿಗೆ ಮಾತ್ರ ಆ ಕೊನೆಯ ಸ್ವರ ವಿಶ್ರಾಂತಿಯಾಗಿ ಕೇಳಿಸುತ್ತದೆ. ಕಾಯದವನಿಗೆ ಅದು ಎಲ್ಲ ಸ್ವರಗಳಂತೆ ಇನ್ನೊಂದು ಸ್ವರ.